ಜ್ವರ ಬಿಟ್ಟ ಮೇಲೂ ಮನಸ್ಸು ಏಳದಿದ್ದರೆ



2006ರ ಚಿಕೂನ್‌ಗುನ್ಯಾ ಹಲವರಿಗೆ ನೆನಪಿರಬೇಕು. ಆ ವರ್ಷ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಗಡಿಯ ಈಚೆ ನಮ್ಮ ಅನಂತಪುರ ಜಿಲ್ಲೆಯನ್ನೂ ಅದು ಬಿಡಲಿಲ್ಲ. ಜ್ವರ ಬೇಗ ಇಳಿಯಿತು, ಕೀಲುನೋವು ಮಾತ್ರ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಉಳಿಯಿತು. ನಮ್ಮ ಸದಸ್ಯರೊಬ್ಬರು ಆಮೇಲೆ ಸಭೆಗೆ ಬರುವುದನ್ನೇ ನಿಲ್ಲಿಸಿದರು. ಚೆನ್ನಾಗಿ ಹಾಡುತ್ತಿದ್ದವರು, ಕರೆದರೆ "ಬೇಡ ಬಿಡಿ ಸಾರ್" ಎನ್ನುತ್ತಿದ್ದರು. ನಾನು ಹಾಜರಿ ಪುಸ್ತಕದಲ್ಲಿ "ಗೈರು" ಎಂದು ಬರೆಯುತ್ತಾ ಹೋದೆನೇ ಹೊರತು ಮನೆಗೆ ಹೋಗಿ ವಿಚಾರಿಸಲಿಲ್ಲ. ದೊಡ್ಡಸ್ತಿಕೆ ಬಂದಿದೆ ಎಂದುಕೊಂಡಿದ್ದೆ.

ರೋಗಾಣು ಒಳಗೆ ಬಂದಾಗ ರೋಗನಿರೋಧಕ ಕಣಗಳು ಸೈಟೊಕೈನ್ ಎಂಬ ವಸ್ತುಗಳನ್ನು ಬಿಡುತ್ತವೆ. ಗಾಯ ಕೆಂಪಾಗಿ ಊದಿಕೊಳ್ಳುವ ಉರಿಯೂತ ಇವುಗಳಿಂದಲೇ. ಇವು ಮೆದುಳಿಗೂ ಸುದ್ದಿ ಮುಟ್ಟಿಸುತ್ತವೆ. ಆಗ ಊಟ ಸೇರುವುದಿಲ್ಲ, ಯಾರೊಂದಿಗೂ ಮಾತು ಬೇಡ, ಮಲಗಿದರೆ ಸಾಕು ಅನ್ನಿಸುತ್ತದೆ. ನಾಲ್ಕು ದಿನದ ಮಟ್ಟಿಗೆ ಇದು ಒಳ್ಳೆಯದೇ, ದೇಹ ತನ್ನ ಶಕ್ತಿಯನ್ನು ಹೋರಾಟಕ್ಕೆ ಉಳಿಸಿಕೊಳ್ಳುತ್ತದೆ. ಉರಿಯೂತ ಆರದೆ ಉಳಿದರೆ ಕೆಲವರಲ್ಲಿ ಅದೇ ಮಂಕು ಖಿನ್ನತೆಯಾಗಿ ನಿಲ್ಲಬಹುದು.

ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಹೆಪಟೈಟಿಸ್ ಸಿ ರೋಗಿಗಳಿಂದ. ಅವರಿಗೆ ಹಿಂದೆ ಇಂಟರ್‌ಫೆರಾನ್ ಎಂಬ ಸೈಟೊಕೈನನ್ನೇ ತಿಂಗಳುಗಟ್ಟಲೆ ಇಂಜೆಕ್ಷನ್ ಕೊಡುತ್ತಿದ್ದರು. ಮೊದಲು ಮನಸ್ಸು ಸರಿಯಾಗಿಯೇ ಇದ್ದವರಲ್ಲೂ ಅನೇಕರು ಖಿನ್ನತೆಗೆ ಒಳಗಾದರು. ಟ್ರಿಪ್ಟೊಫ್ಯಾನ್ ಎಂಬ ಅಂಶದಿಂದ ಮೆದುಳಿಗೆ ಬೇಕಾದ ಸಿರೊಟೋನಿನ್ ತಯಾರಾಗುತ್ತದೆ. ಸೈಟೊಕೈನ್‌ಗಳು ಅದನ್ನು ಬೇರೆ ದಾರಿಗೆ ತಿರುಗಿಸುತ್ತವೆ. ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಒಂದು ಬಾಬ್ತಿನ ಹಣ ಇನ್ನೊಂದು ಬಾಬ್ತಿಗೆ ಖರ್ಚಾದಂತೆ. ಕಾರಣ ಇದೊಂದೇ ಅಲ್ಲ.

ಹಾಗೆಂದು ಎಲ್ಲ ಖಿನ್ನತೆಯೂ ಉರಿಯೂತದಿಂದ ಬರುವುದಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಔಷಧಿಯನ್ನು 60 ಖಿನ್ನತೆ ರೋಗಿಗಳ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಔಷಧಿ, ಉಳಿದವರಿಗೆ ಬರೀ ಹುಸಿ ಔಷಧಿ. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಹೆಚ್ಚಿದ್ದವರಲ್ಲಿ ಮಾತ್ರ ಉಪಯೋಗ ಕಂಡಿತು. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ, ಸ್ಟೀರಾಯ್ಡ್ ನುಂಗಬೇಡಿ. ಸ್ಟೀರಾಯ್ಡ್ ತಾನೇ ಮನಸ್ಸನ್ನು ಕೆಡಿಸಬಲ್ಲದು.

ಎರಡು ವಾರವಾದರೂ ಮಂಕು ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಕೀಲುನೋವು, ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ. ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅಂದೇ ಕರೆ ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಇತ್ತೀಚೆಗೆ ಸಭೆಗೆ ಬಾರದ ಗೋರಂಟ್ಲದ ಸದಸ್ಯರ ಮನೆಗಳಿಗೆ ನಾನೂ ಖಜಾಂಚಿಯವರೂ ಈ ವಾರ ಹೋಗಿ ಬರುತ್ತೇವೆ. ಹಿಂದೂಪುರ, ಕಲ್ಯಾಣದುರ್ಗದವರು ತಮ್ಮ ಊರಿನಲ್ಲಿ ಹಾಗೆಯೇ ಮಾಡಬೇಕೆಂದು ವಿನಂತಿ.

– ಕಾರ್ಯದರ್ಶಿ