ಬನ್ನಿ ಮತ್ತು ಬಳ್ಳಾರಿ ಜಾಲಿ: ಬಿಸಿಲಿಗೆ ಸೋತವರು ಯಾರು?

ಆದವಾನಿ, ರಾಯದುರ್ಗಗಳಿಂದ ಅಕ್ಕಲಕೋಟೆ, ಸೊಲ್ಲಾಪುರದವರೆಗಿನ ಬಯಲುಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳುಗಳ ಬಿಸಿಲಿಗೆ ಎಲ್ಲವೂ ಒಣಗಿದಾಗಲೂ ಕೆರೆಯಂಗಳದಲ್ಲಿ, ರಸ್ತೆಯ ಬದಿಯಲ್ಲಿ ಬಳ್ಳಾರಿ ಜಾಲಿ ಹಸಿರಾಗಿ ನಿಂತಿರುತ್ತದೆ. ತೆಲುಗರ ಸರ್ಕಾರು ತುಮ್ಮ, ಮರಾಠಿಗರ ವೇಡಿ ಬಾಭೂಳ, ತಮಿಳರ ಸೀಮೈ ಕರುವೇಲಂ ಇದೇ. ಹೊರಗಿನಿಂದ ಬಂದ ಗಿಡಕ್ಕೆ ಉಷ್ಣ ತಾಳುವ ಶಕ್ತಿ ಹೆಚ್ಚು, ನಮ್ಮ ಮರಗಳಿಗೆ ಅದಿಲ್ಲ ಎಂದು ಇದನ್ನು ಕಂಡ ಹಲವರು ತೀರ್ಮಾನಿಸುವುದುಂಟು. ಈ ತೀರ್ಮಾನವನ್ನು ಒರೆಗೆ ಹಚ್ಚಲು ಜಾಲಿಯ ಬಂಧುವೊಂದು ನಮ್ಮಲ್ಲೇ ಇದೆ. ಅದೇ ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ.

ಬಳ್ಳಾರಿ ಜಾಲಿಯ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಪ್ರದೇಶ. ಜಮೈಕಾದಿಂದ ತರಿಸಿದ ಬೀಜಗಳನ್ನು 1877ರಲ್ಲಿ ಕಡಪ ಸೀಮೆಯ ಕಮಲಾಪುರದಲ್ಲಿ ಬಿತ್ತಲಾಯಿತು. ಬರಡು ನೆಲಕ್ಕೆ ಹಸಿರು, ಜನರಿಗೆ ಸೌದೆ ಒದಗಿಸುವುದು ಉದ್ದೇಶವಾಗಿತ್ತು. ಸಸ್ಯಶಾಸ್ತ್ರಜ್ಞರು ಬಹುಕಾಲ ಜಾಲಿಯನ್ನೂ ಬನ್ನಿಯನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿರಿಸಿದ್ದರು. 2022ರ ಪರಿಷ್ಕರಣೆಯಲ್ಲಿ ಜಾಲಿಯನ್ನು ನೆಲ್ಟುಮಾ ಎಂಬ ಕುಲಕ್ಕೆ ಸೇರಿಸಿದರೂ ನೆಂಟಸ್ತಿಕೆಯೇನೂ ಅಳಿದಿಲ್ಲ.

ಉಷ್ಣ ಎಲೆಗೆ ಮಾಡುವ ಹಾನಿ ಎರಡು ಹಂತದ್ದು. ಮೊದಲು, ಗಾಳಿಯ ಇಂಗಾಲವನ್ನು ಆಹಾರವಾಗಿಸುವ ಕಿಣ್ವಗಳ ಕೆಲಸ ಕುಂಠಿತವಾಗುತ್ತದೆ. ತಾಪ ಇನ್ನೂ ಏರಿದರೆ ಬೆಳಕನ್ನು ಹಿಡಿಯುವ ಪೊರೆಗಳೇ ಕೆಡುತ್ತವೆ. ಬಹಳಷ್ಟು ಸಸ್ಯಗಳಲ್ಲಿ ಈ ಎರಡನೆಯ ಮಿತಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದೆ. ಸಸ್ಯಕ್ಕೆ ರಕ್ಷಣೆಯ ದಾರಿಗಳೂ ಇವೆ: ಕಿರಿದಾದ ಎಲೆಗಳು ಬಿಸಿಯನ್ನು ಗಾಳಿಗೆ ಬೇಗ ಬಿಟ್ಟುಕೊಡುತ್ತವೆ; ಆಳದ ಬೇರು ತಂದ ನೀರು ಪತ್ರರಂಧ್ರಗಳಿಂದ ಆವಿಯಾಗಿ ಎಲೆಯನ್ನು ತಂಪಾಗಿಸುತ್ತದೆ; ತಾಪ ಏರಿದಾಗ ಹುಟ್ಟುವ ವಿಶೇಷ ಪ್ರೋಟೀನುಗಳು ಕೋಶವನ್ನು ಕಾಯುತ್ತವೆ.

ಕಿರಿಯೆಲೆ, ಆಳದ ಬೇರು ಜಾಲಿಗೂ ಉಂಟು, ಬನ್ನಿಗೂ ಉಂಟು. 45 ಡಿಗ್ರಿ ದಾಟುವ ಥಾರ್ ಮರುಭೂಮಿಯೇ ಬನ್ನಿಯ ನೆಲೆ. ಅಲ್ಲಿ ಖೇಜ್ಡಿ ಎಂಬ ಹೆಸರಿನಲ್ಲಿ ಅದು ರಾಜಸ್ಥಾನದ ರಾಜ್ಯವೃಕ್ಷ. ಜಮ್ಮಿ ಎಂಬ ಹೆಸರಿನಲ್ಲಿ ತೆಲಂಗಾಣದ್ದೂ ಹೌದು. ಮಳೆಗೆ ಕಾಯದೆ ಕಡುಬೇಸಿಗೆಯಲ್ಲೇ ಹೊಸ ಚಿಗುರು ತಳೆಯುವ ಮರವನ್ನು ಬಿಸಿಲಿಗೆ ಸೋತದ್ದೆನ್ನಲಾಗದು.

ಹಾಗಾದರೆ ಜಾಲಿ ಗೆದ್ದದ್ದೆಲ್ಲಿ? ಉತ್ತರ ಎಲೆಯ ತಾಪದಲ್ಲಿಲ್ಲ, ಮೇಯುವ ಬಾಯಲ್ಲಿದೆ. ಬನ್ನಿಯ ಎಲೆ ಆಡುಕುರಿಗಳಿಗೆ ಪ್ರಿಯವಾದ ಮೇವು. ಎಳೆಯ ಸಸಿ ಉಳಿಯುವುದೇ ಕಷ್ಟ. ಜಾಲಿಯ ಎಲೆಯನ್ನು ಅವು ಮುಟ್ಟುವುದಿಲ್ಲ. ಆದರೆ ಅದರ ಸಿಹಿಯಾದ ಕಾಯನ್ನು ತಿಂದು, ಜೀರ್ಣವಾಗದ ಬೀಜವನ್ನು ಹಿಕ್ಕೆ, ಸಗಣಿಯೊಡನೆ ಊರೆಲ್ಲ ಬಿತ್ತುತ್ತವೆ. ಬನ್ನಿ ನಿಧಾನವಾಗಿ ಬೆಳೆಯುತ್ತದೆ. ಜಾಲಿ ಕಡಿದಷ್ಟೂ ಬುಡದಿಂದ ಚಿಗುರುತ್ತದೆ, ಉದುರಿದ ಎಲೆಗಳಿಂದ ಅನ್ಯ ಗಿಡಗಳ ಮೊಳಕೆಯನ್ನೂ ತಡೆಯುತ್ತದೆ. ಬನ್ನಿಯ ನೆರಳಿನಲ್ಲಾದರೋ ರೈತರು ಸಜ್ಜೆ ಬೆಳೆಯುತ್ತಾರೆ.

ಎಲ್ಲ ಆಕ್ರಮಣಕಾರಿ ಸಸ್ಯಗಳಿಗೂ ಈ ಒಂದು ಜೋಡಿಯ ಉತ್ತರವೇ ಸಲ್ಲುತ್ತದೆಂದು ಹೇಳಲಾಗದು. ಪ್ರತಿ ಜೋಡಿಯನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಆದರೆ ನಮ್ಮ ಶಾಲೆಯಂಗಳಕ್ಕೆ, ಹೊಲದ ಬದುವಿಗೆ ಸಸಿ ಆರಿಸುವಾಗ ಈ ವಿಚಾರ ಮುಖ್ಯ. ಬೇಸಿಗೆ ಕಠಿಣವಾಗುತ್ತಿರುವ ದಿನಗಳಲ್ಲಿ ಬನ್ನಿಗೆ ಬೇಕಾದದ್ದು ಬಿಸಿಲಿನಿಂದ ರಕ್ಷಣೆಯಲ್ಲ, ಮೊದಲ ಕೆಲವು ವರ್ಷ ಮೇಕೆಗಳಿಂದ ರಕ್ಷಣೆ. ಕಾಯಿಲ್ಲದ ಜಾಲಿಯ ಮುಳ್ಳುಕೊಂಬೆಗಳನ್ನೇ ಸುತ್ತ ಬೇಲಿಯಾಗಿ ಕಟ್ಟಿದರೆ ಸಾಕು. ಪಾಲಕರು ಮಕ್ಕಳನ್ನು ಎರಡೂ ಮರಗಳ ಬಳಿಗೆ ಕರೆದೊಯ್ದು, ಯಾವುದರ ಬುಡದಲ್ಲಿ ಹುಲ್ಲು, ಗಿಡಗಳು ಹೆಚ್ಚಿವೆ ಎಂದು ಎಣಿಸಿ ನೋಡಲು ಹೇಳಲಿ. ವಿಜ್ಞಾನದ ಈ ಪಾಠಕ್ಕೆ ಬೇರೆ ಪ್ರಯೋಗಾಲಯ ಬೇಕಿಲ್ಲ.