ಸೈಬೀರಿಯಾದಿಂದ ಜಕ್ಕೂರು ಕೆರೆಗೆ, ಊಟಕ್ಕೆ!

ಉತ್ತರ ಬೆಂಗಳೂರಿನ ಬಚ್ಚಲುಗಳಿಂದ ಹರಿದುಹೋದ ನೀರು ಸೈಬೀರಿಯಾ ಕಡೆಯಿಂದ ಬರುವ ಹಕ್ಕಿಗಳ ಹೊಟ್ಟೆ ತುಂಬಿಸುತ್ತಿದೆ! ಅದೂ ಎಲ್ಲಿ? ಅಪಾರ್ಟ್‌ಮೆಂಟುಗಳು ಸುತ್ತುವರಿದಿರುವ, ಸುಮಾರು 160 ಎಕರೆಯ ಜಕ್ಕೂರು ಕೆರೆಯಲ್ಲಿ.

ಇದಾಗುವ ಬಗೆ ನೋಡಿ. ಕೆರೆಯ ತಲೆಭಾಗದಲ್ಲಿ ಒಳಚರಂಡಿ ನೀರಿನ ಶುದ್ಧೀಕರಣ ಘಟಕವಿದೆ; ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದಾಗಿ ಶುರುವಾದದ್ದು. ಅಲ್ಲಿಂದ ಹೊರಟ ನೀರು ನೇರ ಕೆರೆಗೆ ಬೀಳುವುದಿಲ್ಲ. ಮನುಷ್ಯರೇ ಮಾಡಿದ ಜೌಗಿನೊಳಗೆ, ಜೊಂಡಿನ ನಡುವೆ ನಿಧಾನವಾಗಿ ಹಾಯುತ್ತದೆ. ಬೇರಿಗಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ, ಜೊಂಡು ಮತ್ತು ಪಾಚಿ ಸಾರಜನಕ, ರಂಜಕಗಳನ್ನು ಹೀರುತ್ತವೆ. ಉಳಿದ ಪೋಷಕಾಂಶ ಕೆರೆಯ ಪಾಚಿಗೆ, ಪಾಚಿ ಕಣ್ಣಿಗೆ ಕಂಡೂ ಕಾಣದ ನೀರಹುಳುಗಳಿಗೆ. ಆ ಹುಳುಗಳು?

ವಲಸೆ ಬರುವ ಚಲುಕದ ಬಾತಿಗೆ! ಅದರ ಕೊಕ್ಕನ್ನು ದುರ್ಬೀನಿನಲ್ಲಿ ಒಮ್ಮೆ ನೋಡಬೇಕು. ತಲೆಗೇ ಭಾರವೆನಿಸುವಷ್ಟು ಉದ್ದ, ತುದಿಯಲ್ಲಿ ಅಗಲ. ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ನೂರಕ್ಕೂ ಹೆಚ್ಚು ಎಳೆಗಳು. ಕೊಕ್ಕನ್ನು ನೀರಿಗಿಟ್ಟು ಈಜುತ್ತಾ ಹೋದರೆ ನೀರು ಸೋಸಿ ಹೊರಗೆ, ಹುಳು ಒಳಗೆ. ಕೆಲವೊಮ್ಮೆ ಗುಂಪಾಗಿ ಸುತ್ತು ಹಾಕುತ್ತವೆ: ಮುಂದಿನ ಬಾತಿನ ಕಾಲು ಕಲಕಿ ಮೇಲೆಬ್ಬಿಸಿದ್ದನ್ನು ಹಿಂದಿನದು ಸೋಸುತ್ತದೆ, ಹಿಂದಿನದು ಎಬ್ಬಿಸಿದ್ದನ್ನು ಅದರ ಹಿಂದಿನದು! ಎಂಥ ಪಂಕ್ತಿ!

ಇವು ಬರುವ ಆಕಾಶಮಾರ್ಗ ಮಧ್ಯ ಏಷ್ಯಾದ್ದು. ಆರ್ಕ್ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹಾದಿದೆ. ಕೈಯಲ್ಲಿ ಹಿಡಿದರೆ ಒಂದು ಕೋಳಿಮೊಟ್ಟೆಯಷ್ಟೂ ತೂಗದ ಪುಟ್ಟ ಗೊರವಗಳೂ ಆ ದಾರಿಯಲ್ಲಿವೆ.

ಇನ್ನೊಂದು ಅಚ್ಚರಿ: ಬೆಂಗಳೂರಿನ ಕೆರೆಗಳೇ ಮನುಷ್ಯರು ಕಟ್ಟಿದವು. ದೊಡ್ಡ ನದಿಯಿಲ್ಲದ ಊರಿನಲ್ಲಿ ಗದ್ದೆ, ತೋಟಕ್ಕೆಂದು ಹಿಂದಿನವರು ಕಣಿವೆಗಳಿಗೆ ಏರಿ ಹಾಕಿದರು, ತೂಬು ಇಟ್ಟರು, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಜಕ್ಕೂರಿನ ನೀರು ಇವತ್ತಿಗೂ ರಾಚೇನಹಳ್ಳಿ ಕೆರೆಗೆ ಇಳಿಯುತ್ತದೆ. ಗದ್ದೆ ಹೋಯಿತು, ಹಕ್ಕಿಗಳು ಬರುವುದನ್ನು ಬಿಡಲಿಲ್ಲ!

ಆದರೆ ಅವು ಬರುವುದು ಬರೀ ನೀರಿಗಲ್ಲ. ಗದ್ದೆಗೊರವ ಈಜುತ್ತಾ ಮೇಯುವ ಹಕ್ಕಿಯಲ್ಲ. ಅದಕ್ಕೆ ಬೇಕಾದದ್ದು ಬೆರಳುದ್ದದ ನೀರು, ಕೆಳಗೆ ಕೆಸರು, ಕೆಸರಲ್ಲಿ ಹುಳು. ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಅಂಚಿನಿಂದ ಅಂಚಿಗೆ ಆಳವಾಗಿ ಬಗೆದು, ದಡಕ್ಕೆ ಕಲ್ಲು ಕಟ್ಟಿದರೆ ಬಾತುಗಳಾದರೂ ತೇಲಿಕೊಂಡಿರಬಹುದು. ಗೊರವಕ್ಕೆ ಕಾಲೂರಲು ಜಾಗವಿರುವುದಿಲ್ಲ. ನಮ್ಮ ಕಣ್ಣಿಗೆ ಕೊಳಕಾಗಿ ಕಾಣುವ ಆ ಕೆಸರಂಚೇ ಅದರ ಅನ್ನ. ಅದನ್ನು ಉಳಿಸಿಕೊಳ್ಳಲೇಬೇಕು.

ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಬೇಗ ಹೋಗಿ. ಏರಿಯ ಮೇಲೆ ನಡೆದಷ್ಟಕ್ಕೇ ಹಿಂದಿರುಗಬೇಡಿ, ಜೊಂಡಿನ ಕಡೆಗೂ ಹೋಗಿ. ಏಪ್ರಿಲ್ ಬಂತೆಂದರೆ ಬಹುಪಾಲು ಹಕ್ಕಿಗಳು ಉತ್ತರಕ್ಕೆ ಹೊರಟಿರುತ್ತವೆ, ಜಕ್ಕೂರಿನಲ್ಲಿ ತಿಂದು ಕೂಡಿಟ್ಟ ಕೊಬ್ಬನ್ನೇ ಇಂಧನ ಮಾಡಿಕೊಂಡು!