ಹೆಗಲ ಮೇಲಿನ ದೋಣಿ

1825ರ ಮಾರ್ಚ್ ತಿಂಗಳಲ್ಲಿ, ಇಂಗ್ಲೆಂಡಿನಿಂದ ಬಂಗಾಳದತ್ತ ಹೊರಟಿದ್ದ ‘ಕೆಂಟ್’ ಎಂಬ ಹಡಗು ಬಿಸ್ಕೇ ಕೊಲ್ಲಿಯಲ್ಲಿ ಬೆಂಕಿಗೆ ಆಹುತಿಯಾದಾಗ ಪಾರಾಗಿ ಉಳಿದವರಲ್ಲಿ, ಹುಟ್ಟಿ ಐದಾರು ವಾರಗಳಷ್ಟೇ ಆಗಿದ್ದ ಜಾನ್ ಮೆಕ್‌ಗ್ರೆಗರ್ ಎಂಬ ಕೂಸೂ ಒಂದು. ಆ ಕೂಸು ಬೆಳೆದು ಲಂಡನ್ನಿನಲ್ಲಿ ನ್ಯಾಯವಾದಿಯಾಗಿ, 1865ರಲ್ಲಿ ಹದಿನೈದು ಅಡಿ ಉದ್ದದ ಓಕ್ ಮರದ ದೋಣಿಯೊಂದನ್ನು ಕಟ್ಟಿಸಿಕೊಂಡು, ಅದಕ್ಕೆ ‘ರಾಬ್ ರಾಯ್’ ಎಂದು ಹೆಸರಿಟ್ಟು, ರೈನ್, ಡ್ಯಾನ್ಯೂಬ್ ಮೊದಲಾದ ಯೂರೋಪಿನ ನದಿಗಳಲ್ಲಿ ಒಬ್ಬಂಟಿಯಾಗಿ ಸಂಚರಿಸಿದನು. ನೀರು ಮುಗಿದೆಡೆಯಲ್ಲಿ ದೋಣಿಯನ್ನು ರೈಲಿಗೋ ಬಂಡಿಗೋ ಏರಿಸಿ ಮುಂದಿನ ನದಿಗೆ ಒಯ್ದನು. ಆ ಪ್ರವಾಸದ ಕಥನವು ಗ್ರಂಥರೂಪದಲ್ಲಿ ಪ್ರಕಟವಾದ 1866ರಲ್ಲಿಯೇ, ಥೇಮ್ಸ್ ತೀರದ ರಿಚ್ಮಂಡ್‌ನಲ್ಲಿ ಆತನ ಮುಂದಾಳುತನದಿಂದ ‘ಕೆನೂ ಕ್ಲಬ್’ ಸ್ಥಾಪಿತವಾಯಿತು; 1873ರಲ್ಲಿ ಅದಕ್ಕೆ ‘ರಾಯಲ್’ ಎಂಬ ವಿಶೇಷಣವೂ ಸಂದಿತು.

ಕೆನೂ, ಕಯಾಕ್ ಎಂಬೆರಡು ಹೆಸರುಗಳು ಬೇರೆ ಬೇರೆ ಜನಾಂಗಗಳ ಎರಡು ದೋಣಿಗಳವು. ಉತ್ತರಧ್ರುವ ಸೀಮೆಯ ಇನ್ಯುಯಿಟ್ ಬೇಟೆಗಾರನು ಮರದ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ತೊಗಲನ್ನು ಬಿಗಿದು, ಅದರೊಳಗೆ ಕಾಲುಚಾಚಿ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ನಡೆಸುತ್ತಿದ್ದುದು ಕಯಾಕ್. ಉತ್ತರ ಅಮೆರಿಕದ ಮೂಲನಿವಾಸಿಗಳು ಭೂರ್ಜವೃಕ್ಷದ ತೊಗಟೆಯಿಂದ ನಿರ್ಮಿಸಿ, ಮೊಣಕಾಲೂರಿ, ಒಂದೇ ಅಲಗಿನ ಹುಟ್ಟಿನಿಂದ ಸಾಗಿಸುತ್ತಿದ್ದ ತೆರೆದ ದೋಣಿ ಕೆನೂ. ಇವೆರಡರಲ್ಲಿಯೂ ಅಂಬಿಗನ ಮುಖ ತಾನು ಹೋಗುವ ದಿಕ್ಕಿಗೇ ಇರುವುದು. ನೆಲ ಬಂದಾಗ ಅವನೇ ಅದನ್ನು ಹೊತ್ತು ನಡೆಯಬಲ್ಲನು. ಹರಿಗೋಲನ್ನು ಬೆನ್ನಮೇಲೆ ಕವಚಿಕೊಂಡು ತುಂಗಭದ್ರೆಯ ದಡವೇರುವ ನಮ್ಮ ಅಂಬಿಗನನ್ನು ಕಂಡವರಿಗೆ ಈ ಸೊಗಸನ್ನು ವಿವರಿಸಬೇಕಾಗಿಲ್ಲ.

ರಾಯಲ್ ಕ್ಲಬ್ಬಿನ ಇಂದಿನ ನೆಲೆ ಟೆಡ್ಡಿಂಗ್ಟನ್ ಬಳಿಯ ಟ್ರೋಲಾಕ್ ದ್ವೀಪ. ಅಷ್ಟು ಹೆಸರಿಲ್ಲದ ಚಿಕ್ಕ ಕ್ಲಬ್ಬುಗಳು ಬ್ರಿಟನ್ನಿನ ನದಿ ಕಾಲುವೆಗಳ ದಂಡೆಯಲ್ಲಿ ಅನೇಕ ಉಂಟು. ಅವುಗಳ ಆಡಳಿತ ಸರಳವಾದುದು: ವರ್ಷಕ್ಕೊಮ್ಮೆ ಸಭೆ ಸೇರಿ ಪದಾಧಿಕಾರಿಗಳನ್ನು ಆರಿಸುವರು, ವಂತಿಗೆಯ ಹಣದಲ್ಲಿ ದೋಣಿ, ಹುಟ್ಟು, ತೇಲುವ ಅಂಗಿಗಳನ್ನು ಕೊಂಡು, ಸ್ವಂತ ದೋಣಿಯಿಲ್ಲದ ಹೊಸಬರಿಗೆ ಎರವಲು ಕೊಡುವರು. ಕಲಿಸುವವರೂ ಬಹುಮಟ್ಟಿಗೆ ಸಂಬಳವಿಲ್ಲದ ಸದಸ್ಯರೇ. ಒಡೆದ ದೋಣಿಗೆ ಫೈಬರ್‌ಗ್ಲಾಸಿನ ತೇಪೆ ಹಾಕುವ ಕೆಲಸವೂ ಅವರದೇ.

ಈ ಕ್ಲಬ್ಬುಗಳು ಕಲಿಸುವ ವಿದ್ಯೆಗಳಲ್ಲೆಲ್ಲ ಮಿಗಿಲಾದುದೆಂದು ನಾನು ಎಣಿಸುವುದು ಮಗುಚಿಕೊಳ್ಳುವ ಪಾಠವನ್ನು. ಕಯಾಕಿನಲ್ಲಿ ಕುಳಿತವನ ಸೊಂಟದಿಂದ ದೋಣಿಯ ಬಾಯಿಯ ಅಂಚಿನವರೆಗೆ, ನೀರು ಒಳನುಗ್ಗದಂತೆ, ಲಂಗದಂತಹ ಹೊದಿಕೆಯೊಂದನ್ನು ಬಿಗಿದಿರುತ್ತಾರೆ. ದೋಣಿ ಮಗುಚಿ, ತಲೆ ಕೆಳಗಾಗಿ, ಮೂಗಿಗೆ ನೀರೇರಿ, ಹೇಗಾದರೂ ತಲೆಯೆತ್ತಬೇಕೆಂದು ಜೀವ ತವಕಿಸುವ ಆ ಕ್ಷಣದಲ್ಲಿ ಮಾಡಬೇಕಾದುದು ಅದಕ್ಕೆ ತೀರ ವಿರುದ್ಧವಾದುದು: ಮುಂದಕ್ಕೆ ಬಾಗಿ, ಹೊದಿಕೆಯ ಅಂಚನ್ನು ಬೆರಳಿನಿಂದ ತಡವುತ್ತ ಹೋಗಿ, ಮುಂತುದಿಯ ಕುಣಿಕೆಯನ್ನು ಹಿಡಿದೆಳೆದು, ಬಳಿಕ ದೋಣಿಯನ್ನು ಎರಡು ಕೈಗಳಿಂದಲೂ ತಳ್ಳಿ ಹೊರಬೀಳಬೇಕು. ಚಳಿಗಾಲದಲ್ಲಿ ಈಜುಕೊಳವನ್ನು ಬಾಡಿಗೆಗೆ ಹಿಡಿದು ಇದನ್ನು ಮತ್ತೆ ಮತ್ತೆ ಮಾಡಿಸುವುದುಂಟು. ಪಕ್ಕದಲ್ಲಿ ಎದೆಮಟ್ಟದ ನೀರಿನಲ್ಲಿ ಬೋಧಕನು ನಿಂತೇ ಇರುವನು. ನುರಿತವನಾದರೋ ಹೊರಬರುವುದೇ ಇಲ್ಲ. ಹುಟ್ಟನ್ನು ನೀರಿನ ಮೇಲೆ ಬೀಸಿ, ಸೊಂಟವನ್ನು ತಿರುವಿ, ದೋಣಿಸಮೇತ ಮೇಲೇಳುವನು. ಹಿಮಶೀತಲ ಜಲದಲ್ಲಿ ದೋಣಿಯನ್ನು ಬಿಡುವುದೆಂದರೆ ಪ್ರಾಣವನ್ನೇ ಬಿಟ್ಟಂತೆ ಎಂದರಿತಿದ್ದ ಇನ್ಯುಯಿಟ್ ಬೇಟೆಗಾರರಿಂದ ಬಂದ ವಿದ್ಯೆಯಿದು.

ಪಂದ್ಯಗಳೂ ಇಲ್ಲದಿಲ್ಲ. 1948ರಲ್ಲಿ ಮೊದಲಾಗಿ ಈಸ್ಟರ್ ಹಬ್ಬದ ಸಮಯದಲ್ಲಿ ನಡೆದುಬಂದಿರುವ ಡಿವೈಜಸ್–ವೆಸ್ಟ್‌ಮಿನ್‌ಸ್ಟರ್ ಸ್ಪರ್ಧೆಯ ದೂರ 125 ಮೈಲಿ. ಕಾಲುವೆಯಲ್ಲಿ ಆರಂಭವಾಗಿ ಥೇಮ್ಸ್ ನದಿಯನ್ನು ಸೇರಿ ಲಂಡನ್ನಿನವರೆಗೆ ಸಾಗುವ ಆ ದಾರಿಯಲ್ಲಿ, ನೀರಿನ ಮಟ್ಟವನ್ನು ಏರಿಸಿ ಇಳಿಸುವ ಲಾಕ್‌ಗೇಟುಗಳೇ ಮೊದಲಾದ ತಡೆಗಳು 77. ಪ್ರತಿಯೊಂದರ ಬಳಿಯಲ್ಲಿಯೂ ದಡಕ್ಕೆ ಹಾರಿ, ದೋಣಿಯನ್ನು ಹೆಗಲಿಗೇರಿಸಿ ಓಡಿ, ಆಚೆಯ ನೀರಿಗೆ ಇಳಿಸಬೇಕು. ಹಿರಿಯರ ಜೋಡಿಗಳು ರಾತ್ರಿಯೂ ನಿಲ್ಲದೆ ಸಾಗುತ್ತವೆ. ಅವರ ಬಳಗದವರು ದಂಡೆಯ ಕತ್ತಲೆಯಲ್ಲಿ ಬ್ಯಾಟರಿ ಹಿಡಿದು ಕಾಯುತ್ತಿದ್ದು, ದೋಣಿ ಹೊತ್ತವನ ಕೈಗಳಿಗೆ ಬಿಡುವಿಲ್ಲವಾದುದರಿಂದ, ಅವನ ಜೊತೆಯಲ್ಲಿಯೇ ಓಡುತ್ತ ಬಾಯಿಗೆ ತುತ್ತಿಡುತ್ತಾರೆ.